ಕಷ್ಟವನ್ನು ಪಾಪದ ಲೆಕ್ಕಕ್ಕೆ ಬರೆಯಬೇಡಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಆಸ್ಪತ್ರೆಯೊಂದರ ಎದುರಿನ ಬಸ್ ತಂಗುದಾಣದ ಗೋಡೆಯಲ್ಲಿ ಕಳೆದ ತಿಂಗಳು ಒಂದು ಭಿತ್ತಿಪತ್ರ ಕಂಡೆ. ಕ್ರಿಸ್ತನನ್ನು ನಂಬಿ ಬಂದವರಿಗೆ ರೋಗವಿಲ್ಲ, ಸಾಲವಿಲ್ಲ, ಕಣ್ಣೀರಿಲ್ಲ ಎಂಬ ಅರ್ಥದ ಮಾತುಗಳು ಅದರಲ್ಲಿ ದಪ್ಪ ಅಕ್ಷರಗಳಲ್ಲಿದ್ದವು. ಕೆಳಗೆ ಪ್ರಾರ್ಥನಾ ಕೂಟದ ದಿನಾಂಕ, ಸ್ಥಳ. ನಾನು ಕ್ರೈಸ್ತ. ಪ್ರಾರ್ಥನೆಗೆ ಬಲವಿದೆಯೆಂದು ನಂಬಿದವನು, ರೋಗಿಗಳಿಗಾಗಿ ದಿನವೂ ಪ್ರಾರ್ಥಿಸುವವನು. ಆದರೂ ಅದನ್ನು ಓದಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಅದೇ ಆಸ್ಪತ್ರೆಯ ಗೇಟಿನಿಂದ ವೈದ್ಯರ ವರದಿ ಹಿಡಿದು ಹೊರಬರುವವರು ಬಸ್ಸು ಕಾಯುವುದು ಆ ಗೋಡೆಯ ಮುಂದೆಯೇ. ಅವರಲ್ಲಿ ಯಾರಾದರೂ ಆ ಮಾತನ್ನು ನಂಬಿ ಹೋಗಿ, ಆಮೇಲೂ ಗುಣ ಕಾಣದಿದ್ದರೆ, ತಪ್ಪು ಯಾರದೆಂದು ತಿಳಿದುಕೊಂಡಾರು? ನನ್ನ ನಂಬಿಕೆಯೇ ಸಾಲದೆಂದಲ್ಲವೇ?

ಇದು ಊಹೆಯಿಂದ ಬರೆಯುತ್ತಿರುವ ಮಾತಲ್ಲ. ನನ್ನ ಹೆಂಡತಿಯ ಎರಡೂ ಮೂತ್ರಪಿಂಡಗಳು ಕೆಟ್ಟು ಆಕೆ ನಾಲ್ಕು ವರ್ಷ ಡಯಾಲಿಸಿಸ್‌ನಲ್ಲಿದ್ದಳು. ವಾರಕ್ಕೆ ಮೂರು ದಿನ, ಪ್ರತಿಸಲ ನಾಲ್ಕು ತಾಸು. ಮೊದಲ ವರ್ಷದಲ್ಲಿ ಒಂದು ಸಂಜೆ ಪ್ರಾರ್ಥನಾ ಗುಂಪೊಂದರ ಹಿರಿಯರು ಮನೆಗೆ ಬಂದು, ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಹೊರಡುವ ಹೊತ್ತಿಗೆ ಮೆಲ್ಲಗೆ ಕೇಳಿದರು: "ಅಮ್ಮಾ, ಅರಿಕೆ ಮಾಡಿಕೊಳ್ಳದೆ ಒಳಗಿಟ್ಟುಕೊಂಡ ಪಾಪ ಏನಾದರೂ ಉಂಟಾ?" ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಅದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಆ ರಾತ್ರಿ ನನ್ನ ಹೆಂಡತಿ ನಿದ್ದೆ ಮಾಡಲಿಲ್ಲ. ಚಿಕ್ಕಂದಿನಲ್ಲಿ ತಂಗಿಯೊಡನೆ ಆಡಿದ ಜಗಳದಿಂದ ಹಿಡಿದು ಒಂದೊಂದನ್ನೇ ನೆನಪಿಸಿಕೊಂಡು, "ಇದಕ್ಕೇ ಇರಬಹುದಾ?" ಎಂದು ಬೆಳಗಿನವರೆಗೆ ನನ್ನನ್ನು ಕೇಳಿದಳು. ರೋಗ ಆಕೆಯ ದೇಹವನ್ನಷ್ಟೇ ಹಿಡಿದಿತ್ತು. ಮನಸ್ಸಿಗೆ ರೋಗ ಹಿಡಿಸಿದ್ದು ಆ ಒಂದು ಪ್ರಶ್ನೆ.

ಸತ್ಯವೇದವನ್ನು ಕೈಯಲ್ಲಿ ಹಿಡಿದವರು ಇಂಥ ಪ್ರಶ್ನೆಯನ್ನು ಹೇಗೆ ಕೇಳುತ್ತಾರೋ ನನಗೆ ತಿಳಿಯದು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ತೋರಿಸಿ, ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ಇವನ ತಂದೆತಾಯಿಗಳದೋ ಎಂದು ಕೇಳಿದಾಗ, ಇವನದೂ ಅಲ್ಲ, ಅವರದೂ ಅಲ್ಲ ಎಂದು ಕರ್ತನು ನೇರವಾಗಿ ಉತ್ತರಿಸಿದ್ದಾನೆ. ಯೋಬನ ಗ್ರಂಥವಂತೂ ಪೂರ್ತಿ ಇದೇ ವಾದದ ಮೇಲೆ ನಿಂತಿದೆ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನಗೆ ಅನಿಸುತ್ತದೆ. ಬಾಯಿ ತೆರೆದ ಮೇಲೆ ಅವರು ಅವನ ಕಷ್ಟಕ್ಕೆ ಕಾರಣವಾದ ಪಾಪವನ್ನು ಹುಡುಕುತ್ತಲೇ ಹೋದರು. ಕೊನೆಗೆ ದೇವರ ಕೋಪ ಉರಿದದ್ದು ದೇವರೊಡನೆ ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ. ಇನ್ನು ಪೌಲ. ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆದುಬಿಡೆಂದು ಮೂರು ಸಲ ಬೇಡಿಕೊಂಡವನು ಅವನು. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಪೌಲನಿಗೆ ನಂಬಿಕೆ ಸಾಲದೆಂದು ಹೇಳುವ ಧೈರ್ಯ ಯಾವ ಭಿತ್ತಿಪತ್ರಕ್ಕಿದೆ?

ನಮ್ಮ ಕರಾವಳಿಯ ಕ್ರೈಸ್ತ ಸಭೆಗಳು ಹುಟ್ಟಿದ ಬಗೆಯನ್ನು ನೆನೆದರೂ ಸಾಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಆಮೇಲೆ ಬಂದ ಹರ್ಮನ್ ಮೊಗ್ಲಿಂಗ್ ಅವರನ್ನು, 1843ರಲ್ಲಿ ಅವರು ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ನೆನಪಿನಲ್ಲಿ ಪ್ರತಿ ಜುಲೈ 1ರಂದು ಪತ್ರಿಕಾ ದಿನ ಆಚರಿಸುವ ನಿಮಗೆ ನಾನು ಪರಿಚಯಿಸಬೇಕಾಗಿಲ್ಲ. 1894ರಲ್ಲಿ ಅಚ್ಚಾದ ನಿಘಂಟಿನ ಕಿಟೆಲ್ ಅವರೂ ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದ ಈ ದೊಡ್ಡವರ ತ್ಯಾಗವನ್ನು ನಾವು ಬೇಕಾದಷ್ಟು ಕೊಂಡಾಡಿದ್ದೇವೆ, ಅದು ಸರಿಯೇ. ಆದರೆ ನಮ್ಮ ನೆಲದಲ್ಲೇ ಹುಟ್ಟಿ, ಹೊಸ ನಂಬಿಕೆಯನ್ನು ಹಿಡಿದದ್ದಕ್ಕೆ ಮನೆ, ನೆಂಟಸ್ತಿಕೆ, ಕಸುಬು ಮೂರನ್ನೂ ಕಳೆದುಕೊಂಡ ಸಾಮಾನ್ಯರ ಹೆಸರು ಯಾವ ರಸ್ತೆಗೂ ಇಲ್ಲ. ಸಾರಸ್ವತ ಮನೆತನದ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಎದ್ದ ಕೋಲಾಹಲ ದಾಖಲೆಯಲ್ಲಿದೆ. ಅವರು ಬಾಸೆಲ್‌ಗೆ ಹೋಗಿ ಓದಿ ಬಂದು ಇಲ್ಲಿಯೇ ಬೋಧಕರಾದರು. ಮೂರ್ತೆ ಕಟ್ಟುವ (ಕಳ್ಳು ಇಳಿಸುವ) ತೆಂಗಿನ ಮರವನ್ನೋ ಗೇಣಿಯ ಗದ್ದೆಯನ್ನೋ ಕಳೆದುಕೊಂಡ ಕುಟುಂಬಗಳು ಎಲ್ಲಿಗೆ ಹೋಗಬೇಕಿತ್ತು? ಬಲ್ಮಠದ ನೇಯ್ಗೆ ಮಗ್ಗಗಳು, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, ಇವೆಲ್ಲ ಬಹುಮಟ್ಟಿಗೆ ಆ ಪ್ರಶ್ನೆಗೆ ಹುಡುಕಿದ ಉತ್ತರಗಳು. ನಂಬಿದ್ದರಿಂದ ಸಿರಿ ಬರುತ್ತದೆ ಎಂದಾಗಿದ್ದರೆ ಆ ಮೊದಲ ತಲೆಮಾರಿನವರು ನಂಬಿಕೆಯನ್ನು ಮರುದಿನವೇ ಬಿಡಬೇಕಾಗಿತ್ತು.

ನನ್ನ ಅಜ್ಜ ಆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳಿಸಿತು. ಕಾರ್ಖಾನೆಗಳು ಕ್ರಮೇಣ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಎಂಬತ್ತು ವರ್ಷ ಆಸರೆಯಾಗಿದ್ದ ಕೈ ಇದ್ದಕ್ಕಿದ್ದಂತೆ ಇಲ್ಲವಾದಾಗ ಸಭೆಯವರಿಗೆ ಹೇಗನಿಸಿತೆಂದು ಚಿಕ್ಕವನಾಗಿದ್ದಾಗ ನಾನು ಅಜ್ಜನನ್ನು ಕೇಳಿದ್ದೆ. ಅವರ ಉತ್ತರ ಬಹಳ ಸಾದಾ ಆಗಿತ್ತು: ಮೊದಲ ಕೆಲವು ಭಾನುವಾರ ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದರಂತೆ, ಆಮೇಲೆ ಪ್ರಸಂಗಪೀಠದ ಕಡೆಗೆ ನೋಡತೊಡಗಿದರಂತೆ. ಅಲ್ಲಿ ನಮ್ಮವರೇ ನಿಂತಿದ್ದರು. ಅದುವರೆಗೆ ದೊರೆಗಳು ಪ್ರಾರ್ಥಿಸುತ್ತಿದ್ದರು, ನಾವು ಆಮೆನ್ ಅನ್ನುತ್ತಿದ್ದೆವು, ಆಮೇಲೆ ನಾವೇ ಪ್ರಾರ್ಥಿಸಲು ಕಲಿತೆವು ಎಂದು ಅವರು ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

ಕಷ್ಟ ನಂಬಿಕೆಯನ್ನು ಗಟ್ಟಿಮಾಡುತ್ತದೆ ಎಂದು ಪ್ರಸಂಗಗಳಲ್ಲಿ ಸಲೀಸಾಗಿ ಹೇಳುತ್ತೇವೆ. ಬೆಂಕಿಯಲ್ಲಿ ಪುಟಕ್ಕಿಟ್ಟ ಚಿನ್ನದ ಹೋಲಿಕೆಯನ್ನು ಪೇತ್ರನೇ ಕೊಟ್ಟಿದ್ದಾನೆ, ನಾನು ಅದನ್ನು ಅಲ್ಲಗಳೆಯುವವನಲ್ಲ. ಆದರೆ ನಾನು ಅಕ್ಕಸಾಲಿಗನ ಮಗನಲ್ಲ, ಹಂಚಿನ ಕೆಲಸದವನ ಮೊಮ್ಮಗ. ಆವೆಮಣ್ಣನ್ನು ಹದಮಾಡಿ ಅಚ್ಚೊತ್ತಿದ ಹಸಿ ಹಂಚನ್ನು ನೇರವಾಗಿ ಭಟ್ಟಿಗೆ ಹಾಕಿದರೆ ಅದು ಗಟ್ಟಿಯಾಗುವುದಿಲ್ಲ, ಸೀಳಿಹೋಗುತ್ತದೆ. ಮೊದಲು ಅದನ್ನು ನೆರಳಿನಲ್ಲಿ, ಮರದ ಹಲಗೆಗಳ ಮೇಲೆ ಸಾಲಾಗಿ ಇಟ್ಟು, ಗಾಳಿಗೆ ದಿನಗಟ್ಟಲೆ ಒಣಗಲು ಬಿಡಬೇಕು. ಬಿಸಿಲಿಗಿಟ್ಟು ಅವಸರ ಮಾಡಿದರೂ ಸೊಟ್ಟಗಾಗುತ್ತದೆ. ಭಟ್ಟಿಯಿಂದ ಬಂದ ಹಂಚನ್ನು ಅಜ್ಜ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರಂತೆ. ಚೆನ್ನಾಗಿ ಬೆಂದದ್ದು ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದೇ ಮಣ್ಣು, ಒಂದೇ ಬೆಂಕಿ. ವ್ಯತ್ಯಾಸ ಬಹುಪಾಲು ನೆರಳಿನದು. ಕಷ್ಟಕ್ಕೆ ಸಿಕ್ಕಿ ನಂಬಿಕೆ ಕಳೆದುಕೊಂಡವರನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ. ನನ್ನ ಭಾವನವರು ಮಗನನ್ನು ಕಳೆದುಕೊಂಡ ಮೇಲೆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಆಗ ಅವರಿಗೆ ಸುತ್ತಲಿನವರು ಕೊಟ್ಟದ್ದು ಬರೀ ಉಪದೇಶ. ನೆರಳು ಯಾರೂ ಕೊಡಲಿಲ್ಲ, ಅವರಲ್ಲಿ ನಾನೂ ಒಬ್ಬ.

ನಮಗೆ ಆ ನೆರಳು ಸಿಕ್ಕಿತು. ನಮ್ಮ ಸಭೆಯ ಒಬ್ಬರು ವಯಸ್ಸಾದ ಅಮ್ಮ ಪ್ರತಿ ಗುರುವಾರ ಡಯಾಲಿಸಿಸ್ ಘಟಕಕ್ಕೆ ಬರುತ್ತಿದ್ದರು. ಮೊದಲ ವಾರ ಗಂಜಿ ತಂದಿದ್ದರು. ಈ ರೋಗಿಗಳು ದಿನಕ್ಕೆ ಕುಡಿಯುವ ನೀರು, ಚಹಾ, ಗಂಜಿ ಎಲ್ಲವನ್ನೂ ಅಳತೆಯಲ್ಲೇ ತೆಗೆದುಕೊಳ್ಳಬೇಕೆಂದು, ಬಾಳೆಹಣ್ಣು ಎಳನೀರು ಕೂಡ ಆಗದೆಂದು ನರ್ಸ್ ಹೇಳಿದಾಗ ಅವರು ಬೇಸರಪಟ್ಟುಕೊಳ್ಳಲಿಲ್ಲ. ಏನೇನು ಆಗುತ್ತದೆಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಮುಂದಿನ ವಾರದಿಂದ ಉಪ್ಪು ಹಾಕದ ಪುಂಡಿ (ಅಕ್ಕಿಯ ಕಡುಬು) ತರತೊಡಗಿದರು, ಬಟ್ಟೆಯಲ್ಲಿ ಸುತ್ತಿದ ಸಣ್ಣ ಡಬ್ಬಿಯಲ್ಲಿ, ಎಣಿಸಿ ನಾಲ್ಕು. ಬಂದು ಕೂರುತ್ತಿದ್ದರು. ನನ್ನ ಹೆಂಡತಿ ಮಾತಾಡಿದರೆ ಮಾತಾಡುವರು, ಕಣ್ಣು ಮುಚ್ಚಿದರೆ ಸುಮ್ಮನಿರುವರು. ಒಂದು ದಿನ ಆಕೆಯೇ ಧೈರ್ಯಮಾಡಿ, "ಅಮ್ಮಾ, ಇದು ನನ್ನ ಪಾಪಕ್ಕೆ ಬಂದದ್ದಾ?" ಎಂದು ಕೇಳಿದಾಗ ಆ ತಾಯಿ, "ಕಷ್ಟ ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತದಾ ಮಗಳೇ?" ಎಂದಷ್ಟೇ ಹೇಳಿ ಪುಂಡಿ ಮುರಿದು ಕೈಗೆ ಕೊಟ್ಟರು. ನಾನು ಕೇಳಿದ ಪ್ರಸಂಗಗಳಲ್ಲಿ ಅದಕ್ಕಿಂತ ದೊಡ್ಡದು ನೆನಪಿಗೆ ಬರುವುದಿಲ್ಲ.

ನನ್ನೊಳಗೆ ಆದ ಬದಲಾವಣೆಯನ್ನು ಹೇಳಬೇಕಾದರೆ, ಮೊದಲ ಏಳೆಂಟು ತಿಂಗಳು ನನ್ನಿಂದ ಪ್ರಾರ್ಥಿಸಲು ಆಗಲಿಲ್ಲ. ಬಾಯಿಪಾಠದ ಮಾತುಗಳು ಬಾಯಿಯಲ್ಲೇ ಉಳಿಯುತ್ತಿದ್ದವು. ಆಗ ನನಗೆ ಹಿಡಿಯಲು ಸಿಕ್ಕಿದ್ದು 88ನೇ ಕೀರ್ತನೆ. ಉಳಿದ ಅಳಲಿನ ಕೀರ್ತನೆಗಳು ಬಹುಪಾಲು ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ಹೊರಳುತ್ತವೆ. ಇದು ಹೊರಳುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಪ್ರಾರ್ಥನೆಯೆಂದು ಒಪ್ಪಿಕೊಂಡು ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆಂದರೆ ನನ್ನ ಮೌನಕ್ಕೂ ಅಲ್ಲಿ ಜಾಗವಿದೆ ಎಂದು ತೋರಿತು. ಶಿಲುಬೆಯ ಮೇಲಿದ್ದ ಯೇಸುವೇ ಯಾಕೆ ನನ್ನನ್ನು ಕೈಬಿಟ್ಟಿದ್ದೀ ಎಂದು ಕೂಗಿದ್ದನ್ನು ನಾನು ಐವತ್ತು ವರ್ಷಗಳಿಂದ ಪ್ರತಿ ಶುಭ ಶುಕ್ರವಾರ ಕೇಳುತ್ತ ಬಂದಿದ್ದರೂ ಅದು ಕಿವಿಯನ್ನು ದಾಟಿ ಒಳಗೆ ಹೋದದ್ದು ಆ ವರ್ಷ. ಡಯಾಲಿಸಿಸ್‌ಗೆಂದು ಆಕೆಯ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ಝುಂ ಎಂದು ರಕ್ತ ಹರಿಯುವ ಕಂಪನ ಸಿಗುತ್ತದೆ. ಅದು ನಿಂತರೆ ತಕ್ಷಣ ತಿಳಿಸಬೇಕು, ದಿನವೂ ಮುಟ್ಟಿ ನೋಡಿ ಎಂದು ವೈದ್ಯರು ಹೇಳಿದ್ದರು. ರಾತ್ರಿ ದೀಪ ಆರಿಸಿದ ಮೇಲೆ ನಾನು ಅಲ್ಲಿ ಬೆರಳಿಟ್ಟು ಒಂದು ನಿಮಿಷ ಹಾಗೇ ಇರುತ್ತಿದ್ದೆ. ಮೊದಮೊದಲು ಅದು ಬರೀ ಭಯ. ಎರಡನೆಯ ವರ್ಷದ ಹೊತ್ತಿಗೆ ಅದೇ ನನ್ನ ಪ್ರಾರ್ಥನೆಯಾಗಿತ್ತು. ಅಲ್ಲಿಯವರೆಗೆ ನಾನು ದೇವರ ಮುಂದೆ ಬೇಡಿಕೆಯ ಪಟ್ಟಿ ಇಡುತ್ತಿದ್ದವನು, ಆಮೇಲೆ ಅಂದಂದಿನ ದಿನವನ್ನು ಅಂದಂದೇ ಕೈಯೊಡ್ಡಿ ತೆಗೆದುಕೊಳ್ಳಲು ಕಲಿತೆ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ ಎಂದು ಪೌಲನು ರೋಮಾಪುರದವರಿಗೆ ಬರೆದ ಸಾಲು ಏಣಿಯ ಮೆಟ್ಟಿಲುಗಳ ಹಾಗೆ ಓದಲು ಸುಲಭ. ಒಂದೊಂದು ಮೆಟ್ಟಿಲಿಗೆ ನನಗೆ ಒಂದೊಂದು ವರ್ಷ ಹಿಡಿಯಿತು. ಪಕ್ಕದ ಮಂಚದಲ್ಲಿ ಸುಳ್ಯ ಕಡೆಯ ಒಬ್ಬ ಕೃಷಿಕರು, ಅದರಾಚೆ ಒಬ್ಬರು ಬ್ಯಾರಿ ಮುಸ್ಲಿಂ ತಾಯಿ ಇದ್ದರು. ಅವರ ಹೆಸರುಗಳೂ ನಮ್ಮ ಮನೆಯ ಸಂಜೆಯ ಪ್ರಾರ್ಥನೆಗೆ ಬಂದವು, ನಮ್ಮ ಹೆಸರು ಅವರವರ ಪ್ರಾರ್ಥನೆಗೆ ಹೋಯಿತು. ಹೆಂಡತಿ ಗುಣವಾಗಲಿಲ್ಲ. ತೀರಿಕೊಳ್ಳುವ ಹಿಂದಿನ ವಾರ ಆಕೆ, "ನನಗೀಗ ಆ ಪಾಪದ ಪ್ರಶ್ನೆ ಇಲ್ಲ" ಎಂದು ಹೇಳಿದ್ದಳು.

ಇಷ್ಟು ಬರೆದವನು ಒಂದು ಎಚ್ಚರಿಕೆಯ ಮಾತನ್ನೂ ಬರೆಯಲೇಬೇಕು. ಕಷ್ಟದಿಂದ ನಂಬಿಕೆ ಬೆಳೆಯುತ್ತದೆ ಎಂಬುದನ್ನು ಹಿಡಿದುಕೊಂಡು, ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಶಿಲುಬೆ ಹೊರು ಎಂದು, ಕೂಲಿ ಸಿಗದವನಿಗೆ ತಾಳಿಕೋ ಎಂದು ಬುದ್ಧಿ ಹೇಳುವವರಿದ್ದಾರೆ. ಅದು ಅನ್ಯಾಯ. ತಪ್ಪಿಸಬಹುದಾದ ಕಷ್ಟವನ್ನು ತಪ್ಪಿಸಬೇಕು, ಔಷಧಿ ಇದ್ದರೆ ಕೊಡಿಸಬೇಕು, ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬಾರದು. ಯೇಸು ರೋಗಿಗಳನ್ನು ಕಂಡಾಗ ಅವರ ರೋಗವನ್ನು ಹೊಗಳಲಿಲ್ಲ, ವಾಸಿಮಾಡಿದನು. ಎಲ್ಲವನ್ನೂ ಮಾಡಿದ ಮೇಲೂ ಉಳಿಯುವ ಕಷ್ಟದ ಬಗ್ಗೆ ಮಾತ್ರ ನನ್ನ ಮಾತು.

ಆದ್ದರಿಂದ ಭಿತ್ತಿಪತ್ರ ಅಂಟಿಸುವ ಸಹೋದರರಲ್ಲಿ ನನ್ನ ಕಳಕಳಿಯ ವಿನಂತಿ: ನಿಮ್ಮ ಕೂಟ ನಡೆಯಲಿ, ರೋಗಿಗಳಿಗಾಗಿ ಪ್ರಾರ್ಥಿಸಿ, ಆದರೆ ಆಸ್ಪತ್ರೆಯ ಎದುರಿನ ಆ ಗೋಡೆಯನ್ನು ಬಿಟ್ಟುಬಿಡಿ. ಎಲ್ಲ ಸಭೆಗಳ ಸಭಾಪಾಲಕರಲ್ಲಿ, ಹಿರಿಯರಲ್ಲಿ ಇನ್ನೊಂದು ವಿನಂತಿ. ನಗರದ ಡಯಾಲಿಸಿಸ್ ಘಟಕಗಳ ಹೊರಗಿನ ಬೆಂಚುಗಳಲ್ಲಿ ರೋಗಿಯ ಜೊತೆಗೆ ಬಂದವರು ನಾಲ್ಕು ತಾಸು ಒಬ್ಬರೇ ಕುಳಿತಿರುತ್ತಾರೆ. ಆ ಅಮ್ಮನಿಗೆ ಈಗ ನಡೆಯಲಾಗುವುದಿಲ್ಲ. ಗುರುವಾರಗಳಂದು ನಾನು ಹೋಗುತ್ತಿದ್ದೇನೆ. ಉಳಿದ ದಿನಗಳಿಗೂ ಜನ ಬೇಕಾಗಿದ್ದಾರೆ. ಪ್ರಸಂಗ ಸಿದ್ಧಮಾಡಿಕೊಂಡು ಬರಬೇಕಾಗಿಲ್ಲ. ಏನು ತಿನ್ನಬಹುದು, ಎಷ್ಟು ಕುಡಿಯಬಹುದು ಎಂದು ಮೊದಲು ನರ್ಸ್‌ಗಳನ್ನು ಕೇಳಿ ತಿಳಿದುಕೊಂಡು ಬನ್ನಿ.

ಇಂತಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ
ಮಂಗಳೂರು