ನೀರಿನ ವರದಿಯಲ್ಲಿ ಮೂಲ, ವಯಸ್ಸುಗಳೂ ಇರಲಿ

ಮಾನ್ಯ ಸಂಪಾದಕರೇ,

ಅಂತರ್ಜಲ ಮತ್ತು ಕೆರೆ-ನದಿಗಳ ನೀರಿನ ಗುಣಮಟ್ಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ವರದಿಗಳನ್ನು ಹಲವು ವರ್ಷಗಳಿಂದ ಗಮನವಿಟ್ಟು ಓದುತ್ತ ಬಂದಿದ್ದೇನೆ. ಅವುಗಳ ಧಾಟಿ ಹೆಚ್ಚುಕಡಿಮೆ ಒಂದೇ ಬಗೆಯದು: ಇಷ್ಟು ಬಾವಿಗಳ ನೀರನ್ನು ಪರೀಕ್ಷಿಸಲಾಯಿತು, ಇಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿದೆ, ಇಷ್ಟರಲ್ಲಿ ಲವಣಾಂಶ ಹೆಚ್ಚಿದೆ, ಕ್ರಮ ಕೈಗೊಳ್ಳಬೇಕು. ನೀರಿನಲ್ಲಿ ಏನಿದೆ ಎಂಬುದು ಇದರಿಂದ ತಿಳಿಯುತ್ತದೆ, ನಿಜ. ಆದರೆ ಅದು ಎಲ್ಲಿಂದ ಬಂತು, ಯಾವ ಕಾಲದಲ್ಲಿ ನೆಲದೊಳಗೆ ಇಳಿಯಿತು ಎಂಬ ಎರಡು ಪ್ರಶ್ನೆಗಳಿಗೆ ಆ ಅಂಕಿಗಳಲ್ಲಿ ಉತ್ತರವಿಲ್ಲ. ಯಾವ ಕ್ರಮ ಕೈಗೊಳ್ಳಬೇಕು ಎಂಬುದಾದರೋ ನಿಂತಿರುವುದು ಆ ಎರಡರ ಮೇಲೆಯೇ. ಇವಕ್ಕೆ ಉತ್ತರ ಹುಡುಕುವ ಸಮಸ್ಥಾನಿ ವಿಧಾನಗಳು ಅರವತ್ತು ವರ್ಷಗಳಿಗೂ ಹಳೆಯವಾಗಿದ್ದರೂ ನೀರಿನ ಕುರಿತ ಸಾರ್ವಜನಿಕ ಚರ್ಚೆಯಲ್ಲಿ ಅವುಗಳ ಹೆಸರೇ ಕೇಳಿಬರುವುದಿಲ್ಲವೆಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಸಮಸ್ಥಾನಿ ಅಥವಾ ಐಸೊಟೋಪ್ ಎಂಬ ಮಾತು ಕಿವಿಗೆ ಬಿದ್ದೊಡನೆ ವಿಕಿರಣದ ಭಯ ಹುಟ್ಟುವುದುಂಟು. ಮೊದಲು ಅದನ್ನು ನಿವಾರಿಸಿಕೊಳ್ಳುವುದು ಮೇಲು. ಒಂದೇ ಧಾತುವಿನ ಪರಮಾಣುಗಳಲ್ಲಿ ನ್ಯೂಟ್ರಾನುಗಳ ಸಂಖ್ಯೆ ಹೆಚ್ಚುಕಡಿಮೆಯಾಗಿ ತೂಕದಲ್ಲಿ ವ್ಯತ್ಯಾಸವಿದ್ದರೆ ಅವನ್ನು ಸಮಸ್ಥಾನಿಗಳು ಎನ್ನುತ್ತಾರೆ. ಅವುಗಳಲ್ಲಿ ವಿಕಿರಣಶೀಲವಾದವು ಕೆಲವಿದ್ದರೆ, ಎಂದಿಗೂ ಬದಲಾಗದ ಸ್ಥಿರ ಸಮಸ್ಥಾನಿಗಳೂ ಇವೆ. ನಾವು ಕುಡಿಯುವ ಪ್ರತಿ ಲೋಟ ನೀರಿನಲ್ಲೂ ಆಮ್ಲಜನಕದ ಸಾವಿರ ಪರಮಾಣುಗಳಿಗೆ ಸುಮಾರು 2ರಂತೆ ಆಮ್ಲಜನಕ-18, ಜಲಜನಕದ ಹತ್ತು ಲಕ್ಷ ಪರಮಾಣುಗಳಿಗೆ ಸುಮಾರು 150ರಂತೆ ಡ್ಯುಟೀರಿಯಂ ಎಂಬ ಭಾರವಾದ ಜಲಜನಕ ಇದ್ದೇ ಇರುತ್ತವೆ. ಇಂದು ನಡೆಯುವ ಹೆಚ್ಚಿನ ಅಧ್ಯಯನಗಳಲ್ಲಿ ನೀರಿಗೆ ಹೊಸದಾಗಿ ಏನನ್ನೂ ಬೆರೆಸುವುದಿಲ್ಲ. ಪ್ರಕೃತಿಯೇ ಬೆರೆಸಿಟ್ಟಿರುವುದನ್ನು ಅಳೆದು ನೋಡುತ್ತಾರೆ, ಅಷ್ಟೆ.

ಅಳೆಯುವುದರಿಂದ ಏನು ಪ್ರಯೋಜನ ಎಂದರೆ, ನೀರು ಆವಿಯಾಗುವಾಗ ಹಗುರವಾದ ಅಣುಗಳು ತುಸು ಬೇಗ ಮೇಲೇಳುತ್ತವೆ, ಮೋಡದಿಂದ ಮಳೆಯಾಗುವಾಗ ಭಾರವಾದವು ತುಸು ಮೊದಲು ಇಳಿಯುತ್ತವೆ. ಹೀಗಾಗಿ ಸಮುದ್ರದಿಂದ ದೂರಕ್ಕೆ, ಎತ್ತರಕ್ಕೆ, ತಂಪಿಗೆ ಹೋದಂತೆ ಮಳೆನೀರು ಹಗುರಾಗುತ್ತ ಹೋಗುತ್ತದೆ. ಈ ಹಗುರ-ಭಾರವನ್ನು, ಗೊತ್ತಾದ ಒಂದು ಮಾನಕಕ್ಕಿಂತ (ನೀರಿನ ಮಟ್ಟಿಗೆ ಸಮುದ್ರದ ನೀರು) ಭಾರವಾದ ಸಮಸ್ಥಾನಿ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಇದೆ ಎಂಬ ಅಂಕಿಯಿಂದ ಹೇಳುತ್ತಾರೆ; ಮುಂದೆ ‘ಬೆಲೆ’ ಎಂದರೆ ಈ ಅಂಕಿ. ಅಮೆರಿಕದ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ 1961ರಲ್ಲಿ ಜಗತ್ತಿನ ನಾನಾ ಕಡೆಯ ನೀರನ್ನು ಹೋಲಿಸಿ, ಡ್ಯುಟೀರಿಯಂ ಬೆಲೆಯು ಆಮ್ಲಜನಕ-18ರ ಬೆಲೆಯ ಎಂಟು ಪಟ್ಟಿಗೆ ಹತ್ತನ್ನು ಕೂಡಿಸಿದಷ್ಟು ಇರುತ್ತದೆಂಬ ಸರಳ ಸಂಬಂಧವನ್ನು ತೋರಿಸಿದರು; ನಕ್ಷೆಯಲ್ಲಿ ಬರೆದರೆ ಇದು ಎಂಟರ ಏರಿಕೆಯುಳ್ಳ ಒಂದು ನೇರ ರೇಖೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ವಿಶ್ವ ಹವಾಮಾನ ಸಂಸ್ಥೆಯೂ ಸೇರಿ ಮಳೆನೀರಿನ ಮಾದರಿಗಳನ್ನು ಜಗತ್ತಿನಾದ್ಯಂತ ಸಂಗ್ರಹಿಸಲು ತೊಡಗಿದ್ದೂ ಸರಿಸುಮಾರು ಅದೇ ಕಾಲದಲ್ಲಿ. ಮಳೆಯ ಈ ರೇಖೆಯಿಂದ ಸರಿದ ನೀರು ತಾನು ಬಯಲಲ್ಲಿ ನಿಂತು ಆವಿಯಾಗಿದ್ದೇನೆಂದು ಹೇಳಿಕೊಳ್ಳುತ್ತದೆ. ಅದರ ಏರಿಕೆ ಎಂಟರ ಬದಲು ಸಾಮಾನ್ಯವಾಗಿ ನಾಲ್ಕರಿಂದ ಆರರ ನಡುವೆ ಇರುತ್ತದೆ. ಜಲಾಶಯವೊಂದರ ಕೆಳಗಿನ ಬಾವಿಗಳಿಗೆ ಬರುತ್ತಿರುವುದು ಜಲಾಶಯದಿಂದ ಜಿನುಗಿದ ನೀರೋ, ಅಲ್ಲಿಯೇ ಸುರಿದು ಇಂಗಿದ ಮಳೆಯೋ ಎಂಬ ಹಳೆಯ ಜಗಳವನ್ನು ಇಷ್ಟರಿಂದಲೇ ಬಗೆಹರಿಸಬಹುದಾದ ಸಂದರ್ಭಗಳು ಎಷ್ಟೋ ಇವೆ.

ಲವಣಾಂಶದ ವಿಷಯವೂ ಹೀಗೆಯೇ. ಬಾವಿಯ ನೀರು ಉಪ್ಪಾಗಲು ಹಲವು ದಾರಿಗಳಿವೆ: ಸಮುದ್ರದ ನೀರು ನುಗ್ಗಿರಬಹುದು, ಬಂಡೆಯಲ್ಲಿದ್ದ ಉಪ್ಪು ಕರಗಿರಬಹುದು, ನೀರಾವರಿಯ ನೀರು ಆವಿಯಾಗಿ ಉಳಿದ ಉಪ್ಪು ಕೆಳಗಿಳಿದಿರಬಹುದು. ರುಚಿಗಾಗಲಿ, ವಿದ್ಯುದ್ವಾಹಕತೆಯ ಮೀಟರಿಗಾಗಲಿ ಮೂರೂ ಒಂದೇ. ಆದರೆ ಸಮುದ್ರದ ನೀರು ಬೆರೆತರೆ ನೀರಿನ ಸಮಸ್ಥಾನಿ ಬೆಲೆ ಸಮುದ್ರದ ಬೆಲೆಯತ್ತ ಸರಿಯುತ್ತದೆ, ಉಪ್ಪು ಕರಗಿದ್ದರೆ ಅದು ಬದಲಾಗುವುದೇ ಇಲ್ಲ, ಆವಿಯಾಗಿದ್ದರೆ ಆವಿಯ ರೇಖೆಯ ಮೇಲೆ ಬಂದು ಕೂರುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗಿಡಮರಗಳು ಬೇರಿನಿಂದ ನೀರು ಹೀರುವಾಗ ಹಗುರ-ಭಾರ ಎಂಬ ಭೇದವನ್ನು ಬಹುಮಟ್ಟಿಗೆ ಮಾಡುವುದಿಲ್ಲವಾದ್ದರಿಂದ, ಅವು ಬಿಟ್ಟುಹೋದ ಉಪ್ಪೂ ಬಂಡೆಯ ಉಪ್ಪಿನಂತೆಯೇ ಕಾಣಿಸಿಕೊಂಡು ಅವಸರದವರನ್ನು ದಾರಿ ತಪ್ಪಿಸುತ್ತದೆ.

ನಾನು ಹೆಚ್ಚಾಗಿ ಹೇಳಬೇಕೆಂದಿರುವುದು ನೈಟ್ರೇಟಿನ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು. ಮೀರಿದರೆ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದುವ ಅಪಾಯವಿದೆ. ಮಿತಿ ಮೀರಿದ ವರದಿ ಬಂದೊಡನೆ ಒಬ್ಬರು ರೈತರ ರಸಗೊಬ್ಬರದತ್ತ ಬೆರಳು ತೋರುತ್ತಾರೆ, ಇನ್ನೊಬ್ಬರು ಒಳಚರಂಡಿಯತ್ತ. ನೈಟ್ರೇಟ್ ಎಷ್ಟಿದೆ ಎಂಬ ಅಂಕಿ ಈ ವಾದದಲ್ಲಿ ಯಾರ ಪರವೂ ಸಾಕ್ಷಿ ನುಡಿಯಲಾರದು. ರಸಗೊಬ್ಬರದ ಸಾರಜನಕವನ್ನು ಗಾಳಿಯಿಂದಲೇ ತೆಗೆಯುವುದರಿಂದ ಅದರ ಸಾರಜನಕ-15ರ, ಅಂದರೆ ಭಾರವಾದ ಸಾರಜನಕದ ಬೆಲೆ, ಇಲ್ಲಿ ಮಾನಕವಾಗಿರುವ ಗಾಳಿಯ ಬೆಲೆಗೆ, ಅಂದರೆ ಸೊನ್ನೆಗೆ ಹತ್ತಿರವಿರುತ್ತದೆ. ಸಗಣಿ-ಗಂಜಲದಿಂದಲೂ ಕೊಚ್ಚೆಯಿಂದಲೂ ಹಗುರವಾದ ಸಾರಜನಕ ಅಮೋನಿಯಾ ಆಗಿ ಹಾರಿಹೋಗಿ ಭಾರವಾದದ್ದು ಉಳಿಯುವುದರಿಂದ, ಅವುಗಳಿಂದ ಹುಟ್ಟಿದ ನೈಟ್ರೇಟಿನ ಬೆಲೆ ಸಾಮಾನ್ಯವಾಗಿ ಸಾವಿರಕ್ಕೆ 10ರಿಂದ 20ರಷ್ಟು ಮೇಲಿರುತ್ತದೆ. ಮೂಲ ಗೊಬ್ಬರವಾಗಿದ್ದಲ್ಲಿ ಚರಂಡಿ ತೋಡಿ ಫಲವಿಲ್ಲ, ಮೂಲ ಚರಂಡಿಯಾಗಿದ್ದಲ್ಲಿ ರೈತನಿಗೆ ಉಪದೇಶ ಮಾಡಿ ಫಲವಿಲ್ಲ.

ಇಷ್ಟಕ್ಕೇ ನಿಂತರೆ ಮೋಸ ಹೋಗುವ ಸಂಭವವೂ ಉಂಟು. ಆಮ್ಲಜನಕವಿಲ್ಲದ ಪದರಗಳಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವನ್ನಾಗಿ ಮಾಡುವಾಗ ಹಗುರವಾದದ್ದನ್ನೇ ಮೊದಲು ಬಳಸುತ್ತವೆ; ಉಳಿದ ನೈಟ್ರೇಟ್ ಭಾರವಾಗುತ್ತ ಹೋಗಿ, ಗೊಬ್ಬರದಿಂದ ಬಂದದ್ದೂ ಕೊಚ್ಚೆಯಿಂದ ಬಂದಂತೆ ತೋರತೊಡಗುತ್ತದೆ. ಆದ್ದರಿಂದಲೇ ತಿಳಿದವರು ಸಾರಜನಕವೊಂದನ್ನೇ ನಂಬದೆ, ನೈಟ್ರೇಟಿನಲ್ಲಿರುವ ಆಮ್ಲಜನಕ-18ನ್ನೂ ಜೊತೆಗೆ ಅಳೆಯುತ್ತಾರೆ. ಎರಡೂ ಒಟ್ಟಿಗೆ ಏರುತ್ತ, ನೈಟ್ರೇಟಿನ ಪ್ರಮಾಣ ಮಾತ್ರ ಇಳಿಯುತ್ತಿದ್ದರೆ ನೆಲವೇ ತನ್ನನ್ನು ತಾನು ಶುದ್ಧಿ ಮಾಡಿಕೊಳ್ಳುತ್ತಿದೆ ಎಂದರ್ಥ. ಅಂಥ ಕಡೆ ಸುಮ್ಮನಿದ್ದು ಕಾಯುವುದೂ ಒಂದು ಕ್ರಮವೇ. ಸಗಣಿಯನ್ನೂ ಮನುಷ್ಯರ ಕೊಚ್ಚೆಯನ್ನೂ ಬೇರ್ಪಡಿಸುವುದು ಈ ಎರಡರಿಂದಲೂ ಕಷ್ಟ; ಅದಕ್ಕೆ ಬೋರಾನಿನ ಸಮಸ್ಥಾನಿಗಳಂಥ ಬೇರೆ ಸಾಕ್ಷಿಗಳು ಬೇಕಾಗುತ್ತವೆ.

ಇನ್ನು ನೀರಿನ ವಯಸ್ಸು. ಜಲಜನಕದ ಮೂರನೆಯ ಸಮಸ್ಥಾನಿಯಾದ ಟ್ರಿಟಿಯಂ ವಿಕಿರಣಶೀಲವಾದದ್ದು, ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 12.3 ವರ್ಷ. ಇದು ವಿಶ್ವಕಿರಣಗಳಿಂದ ವಾತಾವರಣದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸದಾ ಹುಟ್ಟುತ್ತಿರುತ್ತದೆ. 1950ರ ದಶಕದಿಂದ ಬಯಲಿನಲ್ಲಿ ನಡೆದ ಪರಮಾಣು ಪರೀಕ್ಷೆಗಳು ಅದನ್ನು ಎಷ್ಟೋ ಪಟ್ಟು ಹೆಚ್ಚಿಸಿದವು. ಉತ್ತರ ಗೋಳಾರ್ಧದ ಮಳೆಯಲ್ಲಿ ಅದು ತುತ್ತತುದಿ ಮುಟ್ಟಿದ್ದು, ವಾತಾವರಣದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದವಾದ 1963ರಲ್ಲಿ. ಮಾಡಬಾರದ್ದನ್ನು ಮಾಡಿ ಮನುಷ್ಯ ನೆಲದಡಿಯ ನೀರಿಗೆ ಹೀಗೆ ಒಂದು ದಿನಾಂಕವನ್ನು ಒತ್ತಿಬಿಟ್ಟ. ಟ್ರಿಟಿಯಂ ಇರುವ ನೀರು ಆ ಪರೀಕ್ಷೆಗಳ ಕಾಲದಿಂದ ಈಚೆಗೆ ಇಂಗಿದ್ದು, ಅಥವಾ ಅಂಥ ನೀರು ಒಂದಿಷ್ಟಾದರೂ ಬೆರೆತದ್ದು. ಇಲ್ಲದ ನೀರು ಅದಕ್ಕಿಂತ ಹಳೆಯದು. ಬಾಂಬುಗಳಿಂದ ಬಂದ ಟ್ರಿಟಿಯಂ ಈಗ ಬಹುಪಾಲು ಕರಗಿಹೋಗಿರುವುದರಿಂದ, ಅದು ಕ್ಷಯಿಸಿ ಉಂಟಾಗುವ ಹೀಲಿಯಂ-3ನ್ನೂ ಅಳೆದು ವಯಸ್ಸನ್ನು ಇನ್ನಷ್ಟು ನಿಖರವಾಗಿ ಲೆಕ್ಕ ಹಾಕುತ್ತಾರೆ.

ಗುಣಮಟ್ಟಕ್ಕೂ ವಯಸ್ಸಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಎರಡು ಆಳವಾದ ಕೊಳವೆಬಾವಿಗಳಿವೆಯೆನ್ನೋಣ. ಎರಡರ ನೀರೂ ಪರೀಕ್ಷೆಯಲ್ಲಿ ಶುದ್ಧವೆಂದು ಬಂದಿದೆ. ಒಂದರಲ್ಲಿ ಟ್ರಿಟಿಯಂ ಇಲ್ಲ, ಇನ್ನೊಂದರಲ್ಲಿ ಇದೆ. ಎರಡನೆಯ ಬಾವಿಗೆ ಮೇಲಿನಿಂದ ದಾರಿ ತೆರೆದಿದೆ, ಕೊಳೆ ಇನ್ನೂ ಬಂದು ತಲುಪಿಲ್ಲ ಎಂದು ಅದರಿಂದ ಗೊತ್ತಾಗುತ್ತದೆ. ರಾಸಾಯನಿಕ ವರದಿಯಲ್ಲಿ ಎರಡಕ್ಕೂ ಒಂದೇ ಅಂಕ ಸಿಗುತ್ತದೆ. ಇದಕ್ಕೆ ವ್ಯತಿರಿಕ್ತವಾದ ಸಂಗತಿಯೂ ಅಷ್ಟೇ ಮುಖ್ಯ: ಬಾವಿಯ ನೀರು ಮೂವತ್ತು ವರ್ಷ ಹಳೆಯದಾಗಿದ್ದರೆ ಅದರಲ್ಲಿ ಇಂದು ಕಾಣುತ್ತಿರುವ ನೈಟ್ರೇಟ್ ಮೂವತ್ತು ವರ್ಷದ ಹಿಂದಿನ ಬೇಸಾಯದ್ದು. ಇಂದು ಗೊಬ್ಬರವನ್ನು ಅರ್ಧಕ್ಕಿಳಿಸಿದರೂ ಆ ಬಾವಿಯಲ್ಲಿ ನಾಳೆಯೇ ಬದಲಾವಣೆ ಕಾಣದು. ಐದು ವರ್ಷ ಕಾದು, ಅಂಕಿ ಇಳಿಯಲಿಲ್ಲವೆಂದು ಯೋಜನೆಯನ್ನು ಕೈಬಿಡುವವರು ನೀರಿನ ವಯಸ್ಸನ್ನು ಒಮ್ಮೆ ಅಳೆಸಿದ್ದರೆ ಎಷ್ಟು ಕಾಯಬೇಕೆಂಬುದು ಮೊದಲೇ ತಿಳಿದಿರುತ್ತಿತ್ತು.

ಇದಕ್ಕಿಂತ ಹಳೆಯ ನೀರಿಗೆ ಬೇರೆ ಗಡಿಯಾರಗಳಿವೆ. 5,730 ವರ್ಷ ಅರ್ಧಾಯುವಿನ ಇಂಗಾಲ-14 ಹತ್ತಾರು ಸಾವಿರ ವರ್ಷಗಳವರೆಗೆ ಒದಗುತ್ತದೆ, ಆದರೆ ಸುಣ್ಣಕಲ್ಲು ಕರಗಿ ಬಂದ ಹಳೆಯ ಇಂಗಾಲದ ಲೆಕ್ಕವನ್ನು ಕಳೆಯಬೇಕು. ಕ್ರಿಪ್ಟಾನ್-81 ಎಂಬ ವಿಕಿರಣಶೀಲ ಅನಿಲ ಇನ್ನೂ ಹಿಂದಿನ ಕಾಲಕ್ಕೆ ಹೋಗುತ್ತದೆ; ಈಜಿಪ್ಟಿನ ಪಶ್ಚಿಮ ಮರುಭೂಮಿಯಡಿಯ ನ್ಯೂಬಿಯನ್ ಮರಳುಗಲ್ಲಿನ ನೀರು ಸುಮಾರು ಎರಡು ಲಕ್ಷದಿಂದ ಹತ್ತು ಲಕ್ಷ ವರ್ಷ ಹಳೆಯದೆಂದು ಅದರಿಂದಲೇ ತಿಳಿಯಿತು. ಅಂಥ ನೀರನ್ನು ತೆಗೆಯುವುದು ಗಣಿಯಿಂದ ಅದಿರು ತೆಗೆದಂತೆಯೇ ಹೊರತು ಮಳೆಗಾಲದಲ್ಲಿ ತುಂಬಿಕೊಳ್ಳುವ ಬಾವಿಯಿಂದ ಸೇದಿದಂತಲ್ಲ. ಬಾಂಗ್ಲಾದೇಶದಲ್ಲಿ ಮೇಲಿನ ಪದರದ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇರುವುದು ತಿಳಿದ ಮೇಲೆ, ಆಳದ ಪದರದ ನೀರು ಬಹು ಹಳೆಯದೆಂದೂ ಮೇಲಿನ ನೀರು ಅದಕ್ಕೆ ಅಷ್ಟಾಗಿ ಬೆರೆಯುತ್ತಿಲ್ಲವೆಂದೂ ನಿರ್ಧರಿಸಲು ಟ್ರಿಟಿಯಂ ಮತ್ತು ಇಂಗಾಲ-14 ನೆರವಾದವು. ಆಳಕ್ಕೆ ಕೊರೆಯುವುದು ಕ್ಷೇಮವೇ ಎಂಬ ಪ್ರಶ್ನೆಗೆ ಕೇವಲ ಆರ್ಸೆನಿಕ್ ಪರೀಕ್ಷೆಯಿಂದ ಉತ್ತರ ದೊರೆಯುವಂತಿರಲಿಲ್ಲ. ಭಾರೀ ಪಂಪುಗಳನ್ನಿಟ್ಟು ಆಳದ ನೀರನ್ನು ಎಳೆಯತೊಡಗಿದರೆ ಮೇಲಿನದು ಇಳಿಯಬಹುದೆಂಬ ಆತಂಕ ಉಳಿದೇ ಇರುವುದರಿಂದ, ಅಳತೆಯನ್ನು ಆಗಾಗ ಪುನರಾವರ್ತಿಸುವುದು ಅಗತ್ಯ.

ಮೇಲ್ಮೈ ನೀರಿಗೆ ಬಂದರೆ, ಬೇಸಿಗೆಯಲ್ಲಿ ನದಿಯನ್ನು ಹರಿಯಿಸುವುದು ಬಹುಮಟ್ಟಿಗೆ ದಡದಿಂದ ಒಸರುವ ಅಂತರ್ಜಲವೇ. ಬಂಡೆಯಲ್ಲಿ ಹುಟ್ಟಿ ನೀರಿಗಿಳಿಯುವ ರೇಡಾನ್-222 ಎಂಬ ವಿಕಿರಣಶೀಲ ಅನಿಲದ ಅರ್ಧಾಯು 3.8 ದಿನ, ನದಿಗೆ ಬಂದ ಮೇಲೆ ಗಾಳಿಗೆ ಸೇರಿ ಬೇಗ ಮಾಯವಾಗುತ್ತದೆ. ನದಿಯುದ್ದಕ್ಕೂ ಅಳೆಯುತ್ತ ಹೋದಾಗ ಅದು ಎಲ್ಲಿ ಥಟ್ಟನೆ ಏರುತ್ತದೋ ಅಲ್ಲಿ ಅಂತರ್ಜಲ ಒಳಸೇರುತ್ತಿದೆ. ನದಿಯ ಕೊಳೆಗೆ ಕಾರಣ ಹುಡುಕುವವರು ಕೊಳವೆಯ ಬಾಯಿಗಳನ್ನಷ್ಟೇ ನೋಡಿ ಮರಳುವುದನ್ನು ಕಂಡಾಗಲೆಲ್ಲ ನನಗೆ ಈ ರೇಡಾನ್ ನೆನಪಾಗುತ್ತದೆ.

ಇದನ್ನೆಲ್ಲ ಸರ್ವರೋಗಕ್ಕೆ ಮದ್ದೆಂದು ನಾನು ಹೇಳುತ್ತಿಲ್ಲ. ಹಲವು ಪದರಗಳಿಂದ ನೀರೆಳೆಯುವ ಬಾವಿಯಲ್ಲಿ ಹತ್ತು ವರ್ಷದ ನೀರೂ ಸಾವಿರ ವರ್ಷದ ನೀರೂ ಬೆರೆತಿರುತ್ತವೆ. ಅದರ ‘ವಯಸ್ಸು’ ಆ ಬಾವಿಯ ಯಾವ ಹನಿಗೂ ಇಲ್ಲದ ಒಂದು ಸರಾಸರಿ. ಭೂವಿಜ್ಞಾನವನ್ನೂ ಸಾಮಾನ್ಯ ರಾಸಾಯನಿಕ ಪರೀಕ್ಷೆಯನ್ನೂ ಬದಿಗಿಟ್ಟು ಸಮಸ್ಥಾನಿಯ ಅಂಕಿಗಳನ್ನಷ್ಟೇ ಓದುವವರು ತಪ್ಪು ತೀರ್ಮಾನಕ್ಕೆ ಬರುವುದು ಬಹಳ ಸುಲಭ. ಖರ್ಚಿನ ಮಾತೂ ಇದೆ, ಆದರೆ ಅದು ಎಲ್ಲಕ್ಕೂ ಒಂದೇ ಅಲ್ಲ. ಕ್ರಿಪ್ಟಾನ್ ಅಳೆಯುವ ಪ್ರಯೋಗಾಲಯಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ನೀರಿನ ಆಮ್ಲಜನಕ-18 ಮತ್ತು ಡ್ಯುಟೀರಿಯಂಗಳನ್ನಾದರೋ ದೊಡ್ಡ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲದೆಯೇ, ಮೇಜಿನ ಮೇಲೆ ಕೂರುವ ಲೇಸರ್ ಉಪಕರಣಗಳಿಂದ ಈಗ ಅಳೆಯಬಹುದಾಗಿದೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ನೀರಿನ ಮಾದರಿ ತೆಗೆಯಲು ಹೇಗೂ ಬಾವಿಯ ಬಳಿಗೆ ಹೋಗುವವರು ಇನ್ನೊಂದು ಚಿಕ್ಕ ಬಾಟಲಿಯನ್ನೂ ತುಂಬಿಕೊಳ್ಳಲಿ. ಆಮ್ಲಜನಕ-18, ಡ್ಯುಟೀರಿಯಂಗಳ ಮಟ್ಟಿಗೆ ಅದಕ್ಕೆ ಆಮ್ಲ ಬೆರೆಸಬೇಕಿಲ್ಲ, ಮಂಜುಗಡ್ಡೆಯಲ್ಲಿಡಬೇಕಿಲ್ಲ. ಒಳಗೆ ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ, ಆವಿಯಾಗದಂತೆ ಬಿಗಿಯಾಗಿ ಮುಚ್ಚಿದರೆ ಬಹುಕಾಲ ಕೆಡದೆ ಇರುತ್ತದೆ, ಹಣ ಒದಗಿದಾಗ ಪರೀಕ್ಷಿಸಬಹುದು. ನೈಟ್ರೇಟಿನ ಮಾದರಿಯನ್ನು ಮಾತ್ರ ಸೋಸಿ, ಹೆಪ್ಪುಗಟ್ಟಿಸಿ ಇಡಬೇಕು. ಬಾಟಲಿಯ ಮೇಲೆ ದಿನಾಂಕದ ಜೊತೆಗೆ ಬಾವಿಯ ಆಳವನ್ನೂ, ನೀರು ಬರುತ್ತಿರುವ ಪದರದ ಆಳವನ್ನೂ ತಪ್ಪದೆ ಬರೆಯಬೇಕು. ನೀರು ಯಾವ ಪದರದ್ದೆಂದು ಗೊತ್ತಿಲ್ಲದಿದ್ದರೆ ಎಷ್ಟೇ ನಾಜೂಕಾದ ಉಪಕರಣದಿಂದ ಬಂದ ಅಂಕಿಯಾದರೂ ಅದನ್ನು ಅರ್ಥೈಸುವುದು ಕಷ್ಟ. ವರದಿಗಾರ ಮಿತ್ರರೂ ಮುಂದಿನ ಬಾರಿ ‘ಎಷ್ಟಿದೆ’ ಎಂದು ಕೇಳಿದ ಮೇಲೆ ‘ಎಲ್ಲಿಯದು, ಎಂದಿನದು’ ಎಂದೂ ಸಂಬಂಧಪಟ್ಟವರನ್ನು ಕೇಳಲಿ ಎಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ