ಹಳೆಯ ಬ್ಯಾಟರಿ ಮಟ್ಟವನ್ನು ಈಗಿನದೆಂದು ತೋರಿಸುವ ನಿಮ್ಮ ಆ್ಯಪ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೋಮ್ ಆಟೊಮೇಷನ್ ಆ್ಯಪ್‌ನಲ್ಲಿ ಫೋನ್ ಚಾರ್ಜ್ ತಪ್ಪಾಗಿ ಕಾಣುತ್ತಿರುವ ಕುರಿತು

ಮಾನ್ಯರೇ,

ಮನೆಯ ಸ್ಮಾರ್ಟ್ ಸಾಧನಗಳನ್ನು ಒಂದುಗೂಡಿಸಿ ನಡೆಸುವ ನಿಮ್ಮ ಹಬ್ ಸಾಧನವನ್ನು ನಾನು ಕೊಂಡಿದ್ದೇ ಮನೆಯವರ ಫೋನುಗಳಲ್ಲಿ ಚಾರ್ಜ್ ಎಷ್ಟಿದೆ ಎಂದು ಗಮನಿಸಲು. ಹಗಲು ಹೊತ್ತು ಅಮ್ಮ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವರ ಫೋನ್ ಶೇ. 20ಕ್ಕಿಂತ ಕೆಳಗಿಳಿದರೆ ಸ್ಪೀಕರ್ ಅವರಿಗೆ ಹೇಳಬೇಕು, ನನಗೂ ನೋಟಿಫಿಕೇಶನ್ ಬರಬೇಕು, ಶೇ. 80 ದಾಟಿದರೆ ಚಾರ್ಜರ್‌ನ ಸ್ಮಾರ್ಟ್ ಪ್ಲಗ್ ಆಫ್ ಆಗಬೇಕು. ನಾನು ಹಾಕಿಟ್ಟಿರುವ ನಿಯಮಗಳು ಇಷ್ಟೇ.

ಕಳೆದ ವಾರ ಅಮ್ಮನ ಫೋನ್ ಮಧ್ಯಾಹ್ನವೇ ಸ್ವಿಚ್ ಆಫ್ ಆಗಿತ್ತು. ನಿಮ್ಮ ಆ್ಯಪ್ ಮಾತ್ರ ಸಂಜೆಯವರೆಗೂ ಹಸಿರು ಬಣ್ಣದಲ್ಲಿ ಶೇ. 64 ಎಂದೇ ತೋರಿಸುತ್ತಿತ್ತು. ಅದು ಬೆಳಿಗ್ಗೆ ಬಂದ ಅಂಕಿ ಎಂಬ ಸುಳಿವು ಪರದೆಯ ಮೇಲೆ ಎಲ್ಲಿಯೂ ಇರಲಿಲ್ಲ. ಕರೆ ಹೋಗದೆ, ಚಾರ್ಜ್ ಇದ್ದೂ ಯಾಕೆ ಸಿಗುತ್ತಿಲ್ಲ ಎಂದು ನಾನು ಪಟ್ಟ ಆತಂಕ ನಿಮಗೆ ಅರ್ಥವಾಗಬೇಕು.

ದೂರು ಕೊಟ್ಟಾಗ, ಫೋನಿನಲ್ಲಿ ಬ್ಯಾಟರಿ ಆಪ್ಟಿಮೈಸೇಷನ್ (ಚಾರ್ಜ್ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ತಡೆಯುವ ಸೆಟ್ಟಿಂಗ್) ಆಫ್ ಮಾಡಿ ಎಂಬ ಉತ್ತರ ಬಂತು. ಅದು ಮೊದಲೇ ಆಫ್ ಆಗಿತ್ತು, ಸ್ಕ್ರೀನ್‌ಶಾಟ್ ಕಳಿಸಿದೆ. ಮತ್ತೆ ಅದೇ ಉತ್ತರ.

ಫೋನುಗಳು ಹಿನ್ನೆಲೆಯ ಆ್ಯಪ್‌ಗಳನ್ನು ತಡೆಯುತ್ತವೆ ಎಂಬುದು ನನಗೂ ಗೊತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದಲೇ ಬ್ಯಾಟರಿ ಉಳಿಸುವ ಡೋಜ್ ವ್ಯವಸ್ಥೆ ಇದೆ. ಚಾರ್ಜರ್‌ಗೆ ಹಾಕದ ಫೋನ್ ಪರದೆ ಆರಿಸಿಕೊಂಡು ಅಲುಗಾಡದೆ ಬಿದ್ದಿದ್ದರೆ, ಆ್ಯಪ್‌ಗಳಿಗೆ ಆಗೊಮ್ಮೆ ಈಗೊಮ್ಮೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅಮ್ಮನ ಫೋನ್ ಮೇಜಿನ ಮೇಲೆ ಇರುವುದು ಹಾಗೆಯೇ. ಅದರ ಮೇಲೆ ಕೆಲವು ಫೋನ್ ತಯಾರಕರು ತಮ್ಮದೇ ಬಿಗಿ ನಿರ್ಬಂಧಗಳನ್ನೂ ಹಾಕಿರುತ್ತಾರೆ. ಅಂದರೆ ಚಾರ್ಜ್ ಇಳಿಯುತ್ತಾ ಹೋಗುವ ಹೊತ್ತಿನಲ್ಲೇ ಫೋನಿನಿಂದ ಸುದ್ದಿ ನಿಲ್ಲುತ್ತದೆ. ಶೇ. 19 ಎಂಬ ಅಂಕಿ ಹಬ್‌ಗೆ ತಲುಪದಿದ್ದರೆ ನನ್ನ ನಿಯಮ ಓಡುವುದೇ ಇಲ್ಲ. ಇದನ್ನು ತಿಳಿದೂ ಕೊನೆಯ ಅಂಕಿಯನ್ನು ಅದು ಬಂದ ಸಮಯ ತೋರಿಸದೆ ಹಾಗೇ ಬಿಡುವುದು ಫೋನಿನ ತಪ್ಪಲ್ಲ, ನಿಮ್ಮದು. ಅಂಕಿಯೇ ಇಲ್ಲದಿದ್ದರೆ ನಾನು ಕೂಡಲೇ ಪಕ್ಕದ ಮನೆಯವರನ್ನು ಕೇಳುತ್ತಿದ್ದೆ.

ಪ್ಲಗ್ಗಿನ ಕಥೆಯೂ ಇದೇ. ಶೇ. 72ರಲ್ಲೇ ಅಂಕಿ ನಿಂತುಬಿಟ್ಟರೆ ಪ್ಲಗ್ ಆಫ್ ಆಗದೆ ಫೋನ್ ರಾತ್ರಿಯಿಡೀ ಶೇ. 100ರಲ್ಲೇ ಇರುತ್ತದೆ. ಪೂರ್ತಿ ಚಾರ್ಜ್ ಆಗಿ, ಬಿಸಿಯಲ್ಲಿ ಇದ್ದಷ್ಟೂ ಲಿಥಿಯಂ ಅಯಾನ್ ಬ್ಯಾಟರಿ ಬೇಗ ಸವೆಯುತ್ತದೆ.

ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಬಂದ ಸಮಯ ಕಾಣಲಿ. ನಾನು ನಿಗದಿಪಡಿಸಿದ ಅವಧಿಯಲ್ಲಿ ಹೊಸ ಸುದ್ದಿ ಬಾರದಿದ್ದರೆ ಅಂಕಿ ಮಾಯವಾಗಿ ‘ಮಾಹಿತಿ ಇಲ್ಲ’ ಎಂದು ಬರಲಿ, ಆ ಮೌನದ ಮೇಲೂ ನಿಯಮ ಬರೆಯಲು ಅವಕಾಶ ಇರಲಿ. ಇದು ನನ್ನ ಮುಖ್ಯ ಬೇಡಿಕೆ. ಡೋಜ್‌ನಲ್ಲಿರುವ ಫೋನನ್ನೂ ಎಚ್ಚರಿಸುವ ಹೆಚ್ಚಿನ ಆದ್ಯತೆಯ ಪುಶ್ ಸಂದೇಶ ಆಂಡ್ರಾಯ್ಡ್‌ನಲ್ಲಿದೆ. ಹಬ್ ತಾನೇ ಅದರ ಮೂಲಕ ಚಾರ್ಜ್ ವಿಚಾರಿಸುವಂತೆಯೂ ಮಾಡಬಹುದು.

ಇದಕ್ಕೆ ನಿಮ್ಮ ತಾಂತ್ರಿಕ ತಂಡದಿಂದಲೇ, 15 ದಿನಗಳೊಳಗೆ, ಲಿಖಿತ ಉತ್ತರ ಬೇಕು. ಸರಿಪಡಿಸುವ ಉದ್ದೇಶ ಇಲ್ಲವಾದರೆ ಹಬ್‌ನ ಬೆಲೆ ಹಾಗೂ ಉಳಿದ ಅವಧಿಯ ಚಂದಾ ಹಣವನ್ನು ಹಿಂದಿರುಗಿಸಿ. ಖರೀದಿ ರಸೀದಿ ಮತ್ತು ಆ ದಿನದ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ