ಕೆಲಸ ನೋಡಿ ದರ್ಜೆ ಕೊಡಿ, ದುಡ್ಡು ನೋಡಿ ಅಲ್ಲ: ವಿಶ್ವಸಂಸ್ಥೆಯ ಐದನೇ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ವಿಶ್ವಸಂಸ್ಥೆಯ ಬಜೆಟ್ ಪುಸ್ತಕದಲ್ಲಿ ಪದೇ ಪದೇ ಬರುವ ಒಂದು ಸಾಲಿದೆ: ಒಂದು ಪಿ-4 ಹುದ್ದೆಯನ್ನು (ಪಿ ಅಂದರೆ ವೃತ್ತಿಪರ ದರ್ಜೆ, ಅಂಕಿ ಏರಿದಷ್ಟೂ ಮೇಲಿನದು) ಪಿ-5ಕ್ಕೆ ಏರಿಸಬೇಕು. ಪಕ್ಕದಲ್ಲಿ ಒಂದು ಸಣ್ಣ ಮೊತ್ತ. 2025ರ ನಿಯತ ಬಜೆಟ್ಟೇ ಸುಮಾರು 372 ಕೋಟಿ ಡಾಲರ್. ಅದರ ಮುಂದೆ ಈ ಮೊತ್ತ ಯಾವ ಲೆಕ್ಕ? ಸಾಮಾನ್ಯ ಸಭೆಯ ಪರವಾಗಿ ಬಜೆಟ್ ಪರಿಶೀಲಿಸುವ ನಿಮ್ಮ ಸಮಿತಿಯಲ್ಲಿ ಕೂತವರು ಪುಟ ತಿರುಗಿಸಿಬಿಡುತ್ತಾರೆ. ಸ್ವಲ್ಪ ಹೊತ್ತು ಆ ಪುಟದಲ್ಲೇ ನಿಲ್ಲಿ ಅಂತ ಕೇಳೋಕೆ ಈ ಪತ್ರ.

ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಹುದ್ದೆಗಳ ವಿವರ ಓದಿ ಅಂಕ ಹಾಕುವ ಕೆಲಸ ಮಾಡಿದವನು ನಾನು. ಆ ಕೆಲಸದ ನಿಯಮ ಹೇಳೋಕೆ ಸುಲಭ. ಅಂತರರಾಷ್ಟ್ರೀಯ ನಾಗರಿಕ ಸೇವಾ ಆಯೋಗವನ್ನು 1974ರಲ್ಲಿ ಸಾಮಾನ್ಯ ಸಭೆಯೇ ಹುಟ್ಟುಹಾಕಿತು. ವೃತ್ತಿಪರ ಹುದ್ದೆಗಳನ್ನು ಅಳೆಯೋಕೆ ಆ ಆಯೋಗ ಒಂದು ಮಾನದಂಡ ಮಾಡಿಕೊಟ್ಟಿದೆ. ಈಗಿನದು 2004ರಿಂದ ಜಾರಿಯಲ್ಲಿದೆ. ಕೆಲಸದ ಸ್ವರೂಪ ಏನು, ಯಾವ ಪರಿಸರದಲ್ಲಿ ನಡೆಯುತ್ತದೆ, ಯಾರ ಜೊತೆ ವ್ಯವಹಾರ, ಫಲ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ನೋಡಿ ಅಂಕ ಕೊಡಬೇಕು. ಅಂಕ ಕೂಡಿದರೆ ದರ್ಜೆ. ಅಂಕ ಹುದ್ದೆಗೆ, ಆ ಕುರ್ಚಿಯಲ್ಲಿ ಕೂತವರಿಗಲ್ಲ. ಅವರು ಎಷ್ಟು ಜಾಣರು, ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅನ್ನೋದೆಲ್ಲ ಇಲ್ಲಿ ಬರೋದೇ ಇಲ್ಲ.

ಅಂದರೆ ಮೊದಲು ಕೆಲಸ, ಆಮೇಲೆ ದರ್ಜೆ, ಕೊನೆಗೆ ಬಜೆಟ್. ಈ ಕ್ರಮ ಎಷ್ಟೋ ಕಡೆ ಉಲ್ಟಾ ಆಗಿದೆ. ದುಡ್ಡಿದ್ದ ವರ್ಷ ದರ್ಜೆ ಏರುತ್ತದೆ, ದುಡ್ಡಿಲ್ಲದ ವರ್ಷ ಇಳಿಯುತ್ತದೆ. ಕೆಲಸದ ವಿವರವನ್ನು ಆಮೇಲೆ ಅದಕ್ಕೆ ತಕ್ಕ ಹಾಗೆ ಬರೆಯುತ್ತಾರೆ.

ಆ ಸಣ್ಣ ಮೊತ್ತದ ವಿಷಯಕ್ಕೆ ಬರೋಣ. ಪಿ-4ರಲ್ಲಿ ಸಂಬಳದ 13 ಮೆಟ್ಟಿಲುಗಳಿವೆ. ಏಳನೆಯದು ದಾಟಿದ ಮೇಲೆ ಎರಡು ವರ್ಷಕ್ಕೊಂದು ಮೆಟ್ಟಿಲು. ಕೊನೆಯದಕ್ಕೆ ಬಂದವರ ಸಂಬಳ ಅಲ್ಲಿಗೆ ನಿಂತಿತು. ಅಂಥವರು ಪಿ-5 ಆದರೆ ಮೊದಲ ದಿನದ ಹೆಚ್ಚಳ ಸಣ್ಣದೇ. ಹಳೆಯ ದರ್ಜೆಯಲ್ಲಿ ಎರಡು ಮೆಟ್ಟಿಲು ಏರಿದರೆ ಎಷ್ಟು ಸಿಗುತ್ತಿತ್ತೋ ಕನಿಷ್ಠ ಅಷ್ಟು ಸಿಗಬೇಕು ಅನ್ನೋದು ನಿಯಮ. ಆದರೆ ಮುಚ್ಚಿಹೋಗಿದ್ದ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಮುಂದಿನ ಎಷ್ಟೋ ವರ್ಷ ಏರೋಕೆ ಮೇಲೆ ಮೆಟ್ಟಿಲುಗಳಿವೆ. ಮೂಲ ಸಂಬಳ ಏರಿದಂತೆ, ಅದರ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಕೊಡುವ ಸ್ಥಳ ಹೊಂದಾಣಿಕೆ ಭತ್ಯೆಯೂ ಏರುತ್ತದೆ. ನ್ಯೂಯಾರ್ಕ್, ಜಿನೀವಾದಂಥ ದುಬಾರಿ ಊರಿನಲ್ಲಿ ಇದೇನು ಸಣ್ಣದಲ್ಲ.

ಪಿಂಚಣಿಯ ಲೆಕ್ಕ ಇನ್ನೂ ದೂರದವರೆಗೆ ಹೋಗುತ್ತದೆ. ಜಂಟಿ ಪಿಂಚಣಿ ನಿಧಿಗೆ ನೌಕರರು ಶೇ 7.9 ಕಟ್ಟಿದರೆ ಸಂಸ್ಥೆ ಶೇ 15.8 ಕಟ್ಟುತ್ತದೆ. ದರ್ಜೆ ಏರಿದರೆ ಈ ಲೆಕ್ಕದ ಬುಡವೇ ಏರಿತು. ಮೇಲಾಗಿ ಪಿಂಚಣಿ ನಿಗದಿಯಾಗುವುದು ಸೇವೆಯ ಕೊನೆಯ ಐದು ವರ್ಷದಲ್ಲಿ ಹೆಚ್ಚು ಸಂಬಳ ಬಂದ 36 ತಿಂಗಳ ಸರಾಸರಿ ಮೇಲೆ. ನಿವೃತ್ತಿಗೆ ಮೂರು ವರ್ಷ ಇರುವಾಗ ಸಿಕ್ಕ ದರ್ಜೆ, ಆ ಮನುಷ್ಯ ಬದುಕಿರುವವರೆಗೂ ಲೆಕ್ಕದಲ್ಲಿರುತ್ತದೆ. ನಿಮ್ಮ ಮುಂದಿನ ಕಾಗದದಲ್ಲಿ ಇರೋದು ಬಜೆಟ್ ವರ್ಷದ ಅಂಕಿ ಮಾತ್ರ.

ಸಂಬಳ ಜಾಸ್ತಿಯಾಗಿದೆಯೋ ಇಲ್ಲವೋ ನೋಡೋಕೆ ಬೇರೆ ಕಾವಲು ಇದೆಯಲ್ಲ ಅಂತ ನೀವು ಕೇಳಬಹುದು. ಹೌದು, ಅತಿ ಹೆಚ್ಚು ಸಂಬಳ ಕೊಡುವ ದೇಶದ ಸರ್ಕಾರಿ ನೌಕರರ ಸಂಬಳವನ್ನೇ ಅಳತೆಗೋಲು ಮಾಡಿಕೊಳ್ಳುವ ನೋಬಲ್‌ಮೇರ್ ತತ್ವದ ಪ್ರಕಾರ ಅಮೆರಿಕದ ಫೆಡರಲ್ ನೌಕರರ ಸಂಬಳದ ಜೊತೆ ಹೋಲಿಸುತ್ತಾರೆ. ಅವರದ್ದು 100 ಅಂತ ಇಟ್ಟುಕೊಂಡರೆ ಇಲ್ಲಿನದು 110ರಿಂದ 120ರ ಒಳಗಿರಬೇಕು. ಆದರೆ ಆ ಹೋಲಿಕೆ ನಡೆಯುವುದು ದರ್ಜೆಗೆ ದರ್ಜೆ. ಪಿ-4 ಮಟ್ಟದ ಕೆಲಸಕ್ಕೆ ಪಿ-5 ಹಲಗೆ ಹಾಕಿಬಿಟ್ಟರೆ, ಪಿ-5ರ ಸಂಬಳ ಹದದಲ್ಲೇ ಇದೆ ಅಂತ ಆ ಲೆಕ್ಕ ಹೇಳುತ್ತದೆ. ಒಟ್ಟು ಬಿಲ್ ಏರಿದ್ದು ಅದಕ್ಕೆ ಕಾಣೋದಿಲ್ಲ. ಹಾಗಾಗಿ ದರ್ಜೆ ಉಬ್ಬುವುದನ್ನು ಹಿಡಿಯಬೇಕಾದ ಜಾಗ ನಿಮ್ಮ ಸಮಿತಿಯೇ.

ಹಿಡಿಯೋದು ಹೇಗೆ ಅಂದರೆ, ನಾನು ಕಂಡ ಒಂದು ಕಡತದ ಕಥೆ ಹೇಳುತ್ತೇನೆ. ಹಳೆಯ ವಿವರದಲ್ಲಿ ‘ವರದಿಯ ಕರಡು ತಯಾರಿಸುವುದು’ ಅಂತಿತ್ತು. ಹೊಸದರಲ್ಲಿ ‘ನೀತಿಯ ದಿಕ್ಕು ನಿರ್ಧರಿಸಿ ಸದಸ್ಯ ರಾಷ್ಟ್ರಗಳಿಗೆ ಸಲಹೆ ನೀಡುವುದು’ ಅಂತ ಬಂತು. ಓದಿದರೆ ಪಿ-5 ಕೊಡದೆ ವಿಧಿಯಿಲ್ಲ. ಹುದ್ದೆಯಲ್ಲಿದ್ದವರ ಮೇಜಿನ ಹತ್ತಿರ ಹೋಗಿ ಇತ್ತೀಚಿನ ಕರಡುಗಳನ್ನು ತೋರಿಸಿ ಅಂದೆವು. ಪಾಪ, ಖುಷಿಯಿಂದಲೇ ತೋರಿಸಿದರು. ಪ್ರತಿ ಪುಟದ ಅಂಚಿನಲ್ಲೂ ಮೇಲಧಿಕಾರಿಯ ತಿದ್ದುಪಡಿ. ಎರಡು ಕಡೆ ಪೂರ್ತಿ ಪ್ಯಾರಾ ಹೊಡೆದುಹಾಕಿ ಬೇರೆ ಬರೆಸಿದ್ದರು. ಕೊನೆಯ ಸಹಿ ಯಾರದ್ದು ಅಂತ ನೋಡಿದರೆ ಹಿಂದೆ ಹಾಕುತ್ತಿದ್ದವರದ್ದೇ. ಕೈಕೆಳಗಿನ ಜನವೂ ಅಷ್ಟೇ ಇದ್ದರು. ಕೆಲಸ ಇದ್ದಲ್ಲೇ ಇತ್ತು. ಹೀಗೆ ಮೇಜಿನ ಹತ್ತಿರ ಹೋಗಿ ನೋಡೋಕೆ ಒಂದು ದಿನ ಸಾಕು. ದಿನ ಸಿಗೋದಿಲ್ಲ ಅಂತ ಎಷ್ಟೋ ಸಲ ಕಾಗದ ನೋಡಿಯೇ ಮುಗಿಸುತ್ತಾರೆ.

ಇಷ್ಟು ಓದಿ, ಇವನು ನೌಕರರ ವಿರೋಧಿ ಅಂದುಕೊಳ್ಳಬೇಡಿ. ಉಲ್ಟಾ ಆಗೋದು ಇನ್ನೊಂದು ದಿಕ್ಕಿನಲ್ಲೂ ಇದೆ. ಈಗ ಅದೇ ಜಾಸ್ತಿ. 2026ಕ್ಕೆ ಪ್ರಧಾನ ಕಾರ್ಯದರ್ಶಿಯವರು ಮುಂದಿಟ್ಟ ಪರಿಷ್ಕೃತ ಪ್ರಸ್ತಾವದಲ್ಲಿ ನಿಯತ ಬಜೆಟ್‌ಗೆ ಸುಮಾರು ಶೇ 15ರ ಕಡಿತ, 2,681 ಹುದ್ದೆಗಳ ರದ್ದತಿ ಇತ್ತು. ಹುದ್ದೆ ಹೋದರೂ ಅದರ ಕೆಲಸ ಎಲ್ಲೂ ಹೋಗೋದಿಲ್ಲ ಅಲ್ವಾ? ಉಳಿದವರ ಮೇಲೆ ಬೀಳುತ್ತದೆ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು: ಎರಡು ಪಟ್ಟು ಫೈಲು ಬಂತು ಅಂತ ದರ್ಜೆ ಏರೋದಿಲ್ಲ. ಮಾನದಂಡ ಅಳೆಯುವುದು ಕೆಲಸದ ಮಟ್ಟವನ್ನು, ರಾಶಿಯನ್ನಲ್ಲ. ಆದರೆ ಹುದ್ದೆ ರದ್ದಾದ ಮೇಲಧಿಕಾರಿಯ ನಿರ್ಧಾರಗಳೂ ಕೆಳಗಿನ ಒಂದು ಪಿ-3 ಮೇಜಿಗೇ ಬಂದರೆ, ಅದು ಪಿ-3 ಆಗಿ ಉಳಿಯೋದಿಲ್ಲ. ಬಜೆಟ್ ಇಲ್ಲ ಅಂತ ಆ ಕೋರಿಕೆಯನ್ನು ಡ್ರಾಯರ್‌ನಲ್ಲಿ ಇಟ್ಟುಬಿಡುವುದು ನ್ಯಾಯವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಒಪ್ಪುವ ಮಾತೇ. ಹಾಸಿಗೆ ಸಾಲದು ಅಂತ ಕಾಲಿನ ಅಳತೆಯನ್ನೇ ಸುಳ್ಳು ಬರೆದರೆ ಹೇಗೆ?

ಉಳಿತಾಯದ ಇನ್ನೊಂದು ದಾರಿ, ಅಂತರರಾಷ್ಟ್ರೀಯ ಹುದ್ದೆಯನ್ನು ತೆಗೆದು, ಆಯಾ ದೇಶದವರನ್ನೇ ನೇಮಿಸುವ ರಾಷ್ಟ್ರೀಯ ವೃತ್ತಿಪರ ಅಧಿಕಾರಿಯ ಹುದ್ದೆ ಮಾಡುವುದು. ಇಬ್ಬರನ್ನೂ ಅಳೆಯುವ ಮಾನದಂಡ ಒಂದೇ. ಸಂಬಳ ಮಾತ್ರ ಸ್ಥಳೀಯ ಮಾರುಕಟ್ಟೆ ಲೆಕ್ಕದಲ್ಲಿ. ಆ ದೇಶದ ಒಳಗನ್ನು ಬಲ್ಲವರೇ ಬೇಕಾದ ಕೆಲಸವಾದರೆ ಇದು ಸರಿಯಾದ ವ್ಯವಸ್ಥೆ. ಹಲವು ದೇಶಗಳನ್ನು ಒಟ್ಟಿಗೆ ನೋಡಿಕೊಳ್ಳುವ ಕೆಲಸವನ್ನು ಸುಮ್ನೆ ಅಗ್ಗ ಅಂತ ಅವರ ತಲೆಗೆ ಕಟ್ಟಿದರೆ, ಅದು ಒಂದೇ ಕೆಲಸಕ್ಕೆ ಎರಡು ಸಂಬಳ. ಇದನ್ನು ಸುಧಾರಣೆ ಅಂತ ಕರೆಯೋದು ನನಗೆ ಒಪ್ಪಿಗೆಯಿಲ್ಲ.

ನ್ಯಾಯಮಂಡಳಿ ನೋಡಿಕೊಳ್ಳುತ್ತದೆ ಅನ್ನುವ ಭರವಸೆಯೂ ಬೇಡ. ಉದಾಹರಣೆಗೆ, ನೌಕರರ ದೂರು ಕೇಳುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) ಆಡಳಿತ ನ್ಯಾಯಮಂಡಳಿ ತಾನೇ ಕೂತು ಹುದ್ದೆಗೆ ದರ್ಜೆ ಕೊಡುವುದಿಲ್ಲ. ಕ್ರಮ ತಪ್ಪಿದ್ದರೆ, ಮುಖ್ಯ ಸಂಗತಿ ಬಿಟ್ಟುಹೋಗಿದ್ದರೆ ಮಧ್ಯೆ ಬರುತ್ತದೆ. ಆಗ ಮತ್ತೆ ಮೊದಲಿಂದ ಅಳತೆ, ಮತ್ತೆ ಖರ್ಚು.

ಅಧ್ಯಕ್ಷರೇ, ನಾನು ಕೇಳುವುದು ದೊಡ್ಡ ಸುಧಾರಣೆಯಲ್ಲ. ದರ್ಜೆ ಏರಿಸುವ ಪ್ರತಿ ಪ್ರಸ್ತಾವದ ಜೊತೆ ಹಳೆಯ ಅಂಕ, ಹೊಸ ಅಂಕ ಎರಡನ್ನೂ ತರಿಸಿಕೊಳ್ಳಿ. ಯಾವ ಅಂಶದಲ್ಲಿ ಅಂಕ ಏರಿತು, ಮೇಜಿನ ಹತ್ತಿರ ಹೋಗಿ ನೋಡಿದ್ದು ಯಾರು ಅಂತ ಅದರಲ್ಲಿರಲಿ. ಒಂದು ವರ್ಷದ ಬದಲು ಐದು ವರ್ಷದ ಖರ್ಚು ತೋರಿಸಲಿ, ಸಂಸ್ಥೆ ಕಟ್ಟುವ ಪಿಂಚಣಿ ವಂತಿಗೆ ಸೇರಿಸಿ. ದರ್ಜೆ ಇಳಿಸುವಾಗಲೂ, ಹುದ್ದೆಗಳನ್ನು ಒಂದು ಮಾಡುವಾಗಲೂ ಇದೇ ಕಾಗದ ಬರಲಿ. ಯಾವ ಕೆಲಸ ನಿಜವಾಗಿ ನಿಂತಿತು ಅಂತ ಇಲಾಖೆ ಬರೆದು ಕೊಡದ ಹೊರತು ಇಳಿಕೆಗೆ ಒಪ್ಪಬೇಡಿ.

ಐಚ್ಛಿಕ ದೇಣಿಗೆಯಲ್ಲಿ ನಡೆಯುವ ಹುದ್ದೆಗಳ ಮೇಲೂ ಒಂದು ಕಣ್ಣಿಡಿ. ಡಿ-1 (ನಿರ್ದೇಶಕ ದರ್ಜೆ) ಮತ್ತು ಮೇಲಿನವು, ಬಜೆಟ್ ವಿಷಯದಲ್ಲಿ ನಿಮಗೆ ಸಲಹೆ ಕೊಡುವ ಸಲಹಾ ಸಮಿತಿಯ ಮುಂದೆ ಬರುತ್ತವೆ. ಕೆಳಗಿನವು ನಿಮಗೆ ಹೆಚ್ಚು ಕಾಣೋದಿಲ್ಲ. ದೇಣಿಗೆ ನಿಂತ ದಿನ ಅವುಗಳಲ್ಲಿ ಕೆಲವು ನಿಯತ ಬಜೆಟ್‌ನ ಬಾಗಿಲಿಗೆ ಬರುತ್ತವೆ, ಅಲ್ಲಿ ಪಡೆದ ದರ್ಜೆಯ ಜೊತೆಗೇ. ಆಗ ಅವುಗಳನ್ನು ಹೊಸ ಹುದ್ದೆಯ ಹಾಗೆ ಮೊದಲಿಂದ ಅಳೆಯಬೇಕು ಅಂತ ಒಂದು ಸಾಲನ್ನು ನಿಮ್ಮ ಮುಂದಿನ ನಿರ್ಣಯದಲ್ಲಿ ಸೇರಿಸಲು ಸಾಧ್ಯವೇ?

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಹುದ್ದೆ ವರ್ಗೀಕರಣದ ಒಬ್ಬ ಹಳೆಯ ಕೆಲಸಗಾರ